ಅಂಕೋಲೆಯ ಆರ್ಯಾದುರ್ಗೆ ಅಂಜದೀವದಿಂದ ಬಂದವಳೇ?

ಪ್ರಶ್ನೆ: ಅಂಕೋಲೆಯ ಆರ್ಯಾದುರ್ಗಾ ದೇವಿ ಮೊದಲು ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿದ್ದಳು, ಪೋರ್ಚುಗೀಸರು ಬಂದ ಮೇಲೆ ಭಕ್ತರು ಅವಳನ್ನು ಕಡಲು ದಾಟಿಸಿ ತಂದರು ಎಂದು ಹಿರಿಯರು ಹೇಳುತ್ತಾರೆ. ಈ ಕತೆಯ ಮೂಲವೇನು?

ಉತ್ತರ: ದ್ವೀಪದಲ್ಲಿ ದೇವಾಲಯವಿತ್ತು ಎಂಬ ಮಾತಿಗೆ ಗಟ್ಟಿಯಾದ ಆಧಾರವಿದೆ. ಅದು ಹಾಳಾದದ್ದು ಪೋರ್ಚುಗೀಸರಿಂದಲೇ ಎಂಬ ಮಾತು ಮಾತ್ರ ಹಳೆಯ ಬರಹಗಳೊಂದಿಗೆ ಹೊಂದುವುದಿಲ್ಲ.

1342ರ ಆಸುಪಾಸಿನಲ್ಲಿ ಗೋವೆಯ ಕಡೆಯಿಂದ ಹೊನ್ನಾವರಕ್ಕೆ ಹೊರಟಿದ್ದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ, ದಡಕ್ಕೆ ಹತ್ತಿರವಾಗಿದ್ದ ಚಿಕ್ಕ ದ್ವೀಪವೊಂದರಲ್ಲಿ ಇಳಿದು ಅಲ್ಲಿ ಗುಡಿ, ತೋಟ ಮತ್ತು ನೀರಿನ ಕೊಳವನ್ನು ಕಂಡನು. ಗುಡಿಯ ಗೋಡೆಗೆ ಒರಗಿ ಎರಡು ವಿಗ್ರಹಗಳ ನಡುವೆ ಕುಳಿತಿದ್ದ ಜೋಗಿಯೊಬ್ಬ ಮಾತಾಡಿಸಿದರೂ ಉತ್ತರಿಸಲಿಲ್ಲ. ಆಮೇಲೆ ಜೋಗಿ ಒಮ್ಮೆ ಗಟ್ಟಿಯಾಗಿ ಕೂಗಿದಾಗ ಮರದಿಂದ ತೆಂಗಿನಕಾಯಿಯೊಂದು ಬಿತ್ತೆಂದೂ, ಅದನ್ನು ಬಂದವರಿಗೆ ಕೊಟ್ಟು ಹಣವನ್ನು ನಿರಾಕರಿಸಿದನೆಂದೂ ಇಬ್ನ್ ಬತೂತ ಬರೆಸಿದ್ದಾನೆ. ಈ ದ್ವೀಪವನ್ನು ಹಲವು ವಿದ್ವಾಂಸರು ಅಂಜದೀವವೆಂದೇ ಗುರುತಿಸುತ್ತಾರೆ.

ಇದಾಗಿ ಒಂದೂವರೆ ಶತಮಾನದ ಮೇಲೆ, 1498ರ ಸೆಪ್ಟೆಂಬರಿನಲ್ಲಿ, ವಾಸ್ಕೋ ಡ ಗಾಮ ತನ್ನ ಹಡಗುಗಳ ದುರಸ್ತಿಗಾಗಿ ಅಂಜದೀವದಲ್ಲಿ ತಂಗಿದನು. ಅವನ ಜೊತೆಗಿದ್ದವನೊಬ್ಬ ಬರೆದ ದಿನಚರಿಯಲ್ಲಿ, ಕೆತ್ತಿದ ಕಲ್ಲಿನ ದೊಡ್ಡ ದೇಗುಲವೊಂದು ಅಲ್ಲಿ ಪಾಳುಬಿದ್ದಿತ್ತೆಂದೂ, ಅದನ್ನು ಹಿಂದೆಯೇ ಮುಸಲ್ಮಾನರು ಕೆಡವಿದ್ದರೆಂದು ಸ್ಥಳೀಯರು ಹೇಳಿದರೆಂದೂ ಇದೆ. ಗುಡಿಯ ಒಂದು ಭಾಗಕ್ಕೆ ಮಾತ್ರ ಹುಲ್ಲಿನ ಮಾಡು ಹೊದಿಸಿ, ಒಳಗೆ ನಡುವಿದ್ದ ಮೂರು ಕಪ್ಪು ಕಲ್ಲುಗಳಿಗೆ ಜನರು ಪ್ರಾರ್ಥನೆ ಸಲ್ಲಿಸುತ್ತಿದ್ದರು. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯವಿಲ್ಲ: ಕಟ್ಟಡ ಬಿದ್ದ ಮೇಲೂ ಪೂಜೆ ನಿಂತಿರಲಿಲ್ಲ, ಮತ್ತು ಪೋರ್ಚುಗೀಸರು ಕಾಲಿಟ್ಟಾಗ ದೇಗುಲ ಆಗಲೇ ಹಾಳಾಗಿತ್ತು.

ಹಾಗಿದ್ದರೆ ಕತೆಯೊಳಗೆ ಪೋರ್ಚುಗೀಸರು ಬಂದದ್ದು ಹೇಗೆ? 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ ಅಲ್ಲಿ ಕೋಟೆ ಕಟ್ಟಿಸಿದ ಮೇಲೆ, ಅಳಿದುಳಿದ ಪೂಜೆಗೂ ಅಲ್ಲಿ ಜಾಗವಿಲ್ಲದಂತಾಗಿರಬೇಕು. ಆ ಕೋಟೆ ಮರುವರ್ಷವೇ ತೆರವಾಯಿತಾದರೂ, ಅದೇ ಶತಮಾನದಲ್ಲಿ ಪೋರ್ಚುಗೀಸರು ಗುಡಿಗಳನ್ನು ಕೆಡವತೊಡಗಿದ್ದರಿಂದ ಗೋವೆಯಲ್ಲಿ ದೇವರುಗಳ ವಲಸೆಯೇ ಆರಂಭವಾಯಿತು. ಮಂಗೇಶ ದೇವರನ್ನು 1560ರಲ್ಲಿ ಕುಶಸ್ಥಳಿಯಿಂದ ಪ್ರಿಯೋಳಕ್ಕೆ ಒಯ್ದರು. ಮಹಾಲಸೆ ವೆರ್ಣೆಯಿಂದ ಮಾರ್ದೋಳಕ್ಕೆ ಬಂದಳು. ಗೋವೆಯಿಂದ ನಮ್ಮ ಕರಾವಳಿಗೆ ಬಂದು ನೆಲೆಸಿದ ಮನೆತನಗಳು ಈ ನೆನಪನ್ನೂ ಹೊತ್ತು ತಂದವು. ಆರ್ಯಾದುರ್ಗೆಯ ಕತೆ ಇಂದಿನ ರೂಪ ಪಡೆದದ್ದು ಈ ನೆನಪಿನ ನೆರಳಿನಲ್ಲಿ ಎಂದು ನಾನು ನಂಬುತ್ತೇನೆ. ಎರಡು ಬೇರೆ ಕಾಲದ ನಷ್ಟಗಳು ಅದರಲ್ಲಿ ಒಂದಾಗಿವೆ.

ದೇವಿಯ ಇನ್ನೊಂದು ಹೆಸರಾದ ಅಜಾದುರ್ಗೆಯಿಂದಲೇ ದ್ವೀಪಕ್ಕೆ ಅಂಜದೀವ ಎಂಬ ಹೆಸರು ಬಂತೆಂದೂ ಹೇಳುವುದುಂಟು. ಕೊನೆಯ ‘ದೀವ’ ದ್ವೀಪವೇ ಸರಿ, ಆದರೆ ಮೊದಲ ಭಾಗವನ್ನು ಮಲಯಾಳದ ‘ಅಂಜು’, ಅಂದರೆ ಐದು, ಎಂದು ಬಿಡಿಸುವವರೂ ಇದ್ದಾರೆ. ಆದ್ದರಿಂದ ಹೆಸರನ್ನು ಸಾಕ್ಷ್ಯವಾಗಿ ಹಿಡಿಯಬಾರದು.

ದ್ವೀಪ ಆಡಳಿತದಲ್ಲಿ ಗೋವೆಯ ಕಾಣಕೋಣ ತಾಲ್ಲೂಕಿಗೆ ಸೇರಿದ್ದರೂ, ಈಗ ಕದಂಬ ನೌಕಾನೆಲೆಯ ಭಾಗವಾಗಿರುವುದರಿಂದ ನಾವು ಹೋಗಿ ಆ ಪಾಳು ಕಲ್ಲುಗಳನ್ನು ಹುಡುಕುವಂತಿಲ್ಲ. ಅಂಕೋಲೆಯ ಹಿರಿಯರು ಹೇಳುವ ಕತೆಯಲ್ಲಿ ಮೂರು ಕಲ್ಲುಗಳ ಅಥವಾ ಹುಲ್ಲಿನ ಮಾಡಿನ ಮಾತು ಎಲ್ಲಿಯಾದರೂ ಬರುತ್ತದೆಯೇ ಎಂದು ಕೇಳಿ, ಬಂದರೆ ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.