ಕಲೆಯ ವಯಸ್ಸು ನೋಡಿ ಮದ್ದು

ಮೊಬೈಲಿನಲ್ಲಿ ತೆಗೆದ ಮೂರು ಚಿತ್ರಗಳು ಸಾಕು. ಒಂದು ಮೇಲಿನಿಂದ, ಒಂದು ಎದುರಿನಿಂದ, ಮತ್ತೊಂದು ಪಕ್ಕದಿಂದ. ಮೂರೂ ಶಿಶ್ನ ನಿಮಿರಿದಾಗ ತೆಗೆದವಾಗಿರಬೇಕು. ಮೂತ್ರರೋಗ ತಜ್ಞರು ಹೀಗೆಂದ ಕೂಡಲೇ ಎದುರಿಗೆ ಕುಳಿತವರು ನೆಲ ನೋಡತೊಡಗುತ್ತಾರೆ. ಆದರೆ ಕೇಳದೆ ವೈದ್ಯರಿಗೂ ಗತಿಯಿಲ್ಲ. ಪರೀಕ್ಷೆಯ ಮಂಚದ ಮೇಲೆ ಅಂಗ ಸಡಿಲವಾಗಿರುವಾಗ ಎಲ್ಲವೂ ನೆಟ್ಟಗೇ ಕಾಣುತ್ತದೆ. ಡೊಂಕು ಕಾಣಿಸಿಕೊಳ್ಳುವುದು ಮನೆಯಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ.

ಹುಟ್ಟಿನಿಂದಲೇ ಇರುವ ಬಾಗು ಬೇರೆ. ಅತ್ತಲೋ ಇತ್ತಲೋ ಒಂದಿಷ್ಟು ವಾಲಿಕೊಂಡಿರುವುದು ಎಷ್ಟೋ ಗಂಡಸರಲ್ಲಿ ಸಹಜ, ಅದಕ್ಕೆ ಚಿಕಿತ್ಸೆಯ ಮಾತೇ ಇಲ್ಲ. ನಾನು ಹೇಳಹೊರಟಿರುವುದು ಅಲ್ಲಿಯವರೆಗೆ ನೆಟ್ಟಗಿದ್ದದ್ದು ನಡುವಯಸ್ಸು ದಾಟುವ ಹೊತ್ತಿಗೆ ಹೊಸದಾಗಿ ಬಾಗತೊಡಗುವ ಬಗ್ಗೆ. ಹೆಚ್ಚಿನವರಲ್ಲಿ ಇದು ಐವತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮೊದಲು ನೋವು, ಆಮೇಲೆ ಕೈಗೆ ಸಿಗುವ ಗಡಸು ಗಂಟು, ಅದರ ಬೆನ್ನಿಗೇ ಬಾಗು. ಕೆಲವರಿಗೆ ನೋವೇ ಇರುವುದಿಲ್ಲ, ಒಂದು ದಿನ ಬಾಗು ಮಾತ್ರ ಕಣ್ಣಿಗೆ ಬೀಳುತ್ತದೆ. ಇದರ ಹೆಸರು ಪೆಯ್ರೋನಿ ಕಾಯಿಲೆ. ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಶಸ್ತ್ರವೈದ್ಯನಾಗಿದ್ದ ಫ್ರಾನ್ಸ್ವಾ ಜಿಗೋ ದ ಲಾ ಪೆಯ್ರೋನಿ 1743ರಲ್ಲಿ ಇದನ್ನು ವಿವರಿಸಿ ಬರೆದ. ಶಿಶ್ನದ ಉದ್ದಕ್ಕೂ ಜಪಮಾಲೆಯ ಮಣಿಗಳಂತೆ ಗಂಟುಗಳು ಸಿಕ್ಕವು ಎಂದ. ಪೈರನೀಸ್ ಬೆಟ್ಟಸಾಲಿನ ಬಾರೇಜ್ ಎಂಬಲ್ಲಿನ ಬಿಸಿನೀರಿನ ಬುಗ್ಗೆಯನ್ನು ಮದ್ದಾಗಿ ಸೂಚಿಸಿದ. ಆ ನೀರಿನಿಂದ ಕೆಲವರಿಗಾದರೂ ಗುಣ ಕಂಡಿರಲಿಕ್ಕೆ ಸಾಕು. ಏಕೆಂದರೆ ಈ ಕಾಯಿಲೆಯ ನೋವು ಬಹುಪಾಲು ಜನರಲ್ಲಿ ಏನೂ ಮಾಡದಿದ್ದರೂ ಕಾಲಕ್ರಮದಲ್ಲಿ ಇಳಿಯುತ್ತದೆ. ಇನ್ನೂರೆಂಬತ್ತು ವರ್ಷಗಳಿಂದ ಬಗೆಬಗೆಯ ಮದ್ದುಗಳು ಕೀರ್ತಿ ಸಂಪಾದಿಸಿದ್ದು ಈ ಒಂದು ಗುಟ್ಟಿನಿಂದ.

ಒಳಗೆ ಆಗುವುದೇನು? ಪಂಕ್ಚರ್ ಆದ ಸೈಕಲ್ ಟ್ಯೂಬನ್ನು ನೆನಪಿಸಿಕೊಳ್ಳಿ. ಗಾಳಿಯಿಲ್ಲದ ಟ್ಯೂಬಿಗೆ ಒಂದು ಪಕ್ಕದಲ್ಲಿ ದಪ್ಪ ಪ್ಯಾಚ್ ಅಂಟಿಸಿದರೆ ಅದು ಸುಮ್ಮನೆ ಬಿದ್ದಿರುತ್ತದೆ, ವ್ಯತ್ಯಾಸ ಗೊತ್ತಾಗುವುದಿಲ್ಲ. ಗಾಳಿ ತುಂಬಿ ನೋಡಿ. ಬೇರೆಲ್ಲ ಕಡೆ ರಬ್ಬರು ಹಿಗ್ಗುತ್ತದೆ, ಪ್ಯಾಚ್ ಇರುವಲ್ಲಿ ಹಿಗ್ಗುವುದಿಲ್ಲ. ಟ್ಯೂಬು ಪ್ಯಾಚಿನ ಕಡೆಗೇ ಬಾಗುತ್ತದೆ. ಶಿಶ್ನದೊಳಗೆ ಸ್ಪಂಜಿನಂಥ ಎರಡು ಕೊಳವೆಗಳಿವೆ. ನಿಮಿರುವಾಗ ರಕ್ತ ತುಂಬಿಕೊಳ್ಳುವುದು ಅಲ್ಲಿ. ಅವುಗಳನ್ನು ಸುತ್ತಿರುವ ಗಟ್ಟಿ ಹೊದಿಕೆಗೆ ವೈದ್ಯರು ಟ್ಯೂನಿಕಾ ಅಲ್ಬುಜಿನಿಯಾ ಎನ್ನುತ್ತಾರೆ, ನಾವು ಬಿಳಿಪೊರೆ ಎನ್ನೋಣ. ಒಂದೆರಡು ಮಿಲಿಮೀಟರ್ ದಪ್ಪದ ಈ ಪೊರೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಹೆಣೆದುಕೊಂಡ ಎಳೆಗಳಿವೆ. ಹಿಗ್ಗಿ ಕುಗ್ಗುವ ಗುಣ, ಒಂದು ಮಿತಿಯಲ್ಲಿ ತಡೆದು ಬಿಗಿ ಕೊಡುವ ಗುಣ ಎರಡೂ ಬರುವುದು ಆ ಹೆಣಿಗೆಯಿಂದ. ಈ ಪೊರೆಯ ಒಂದೆಡೆ ಗಾಯದ ಕಲೆ ಕಟ್ಟಿ ನಾರುಗಟ್ಟಿದರೆ ಅದೇ ಪ್ಯಾಚ್.

ಕಲೆ ಏಕೆ ಕಟ್ಟುತ್ತದೆ ಎಂಬುದಕ್ಕೆ ಹೆಚ್ಚು ತಜ್ಞರು ಒಪ್ಪುವ ವಿವರಣೆ ಹೀಗಿದೆ. ಸಂಭೋಗದ ವೇಳೆ ಅಂಗ ಆಗಾಗ ಅಡ್ಡಾದಿಡ್ಡಿ ಮಡಚಿ ಪೊರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗುತ್ತವೆ. ಅನೇಕರಿಗೆ ಅಂಥ ಪೆಟ್ಟು ಬಿದ್ದ ನೆನಪೇ ಇರುವುದಿಲ್ಲ. ಸಾಮಾನ್ಯವಾಗಿ ದೇಹ ಅದನ್ನು ಸದ್ದಿಲ್ಲದೆ ರಿಪೇರಿ ಮಾಡಿ ಮುಗಿಸುತ್ತದೆ. ಕೆಲವರಲ್ಲಿ ರಿಪೇರಿ ನಿಲ್ಲುವುದೇ ಇಲ್ಲ. ಗಾಯ ಮಾಯಿಸುವ ಕೋಶಗಳು ಅತ್ಯುತ್ಸಾಹದಿಂದ ಕೊಲ್ಯಾಜೆನ್ ಎಂಬ ನಾರಿನ ಪ್ರೋಟೀನನ್ನು ಪೇರಿಸುತ್ತಲೇ ಹೋಗುತ್ತವೆ. ಅಂಗೈಯಲ್ಲಿ ನಾರುಗಟ್ಟಿ ಬೆರಳುಗಳು ಒಳಕ್ಕೆ ಮಡಚಿಕೊಳ್ಳುವ ಡ್ಯುಪ್ವಿಟ್ರೆನ್ ಎಂಬ ತೊಂದರೆ ಇರುವವರಲ್ಲಿ ಇದೂ ಹೆಚ್ಚು. ಅಂದರೆ ಹೀಗೆ ಕಲೆ ಕಟ್ಟುವ ಒಲವು ಮೈಯಲ್ಲೇ ಇರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಪ್ರಾಸ್ಟೇಟ್ ಗ್ರಂಥಿ ತೆಗೆಸಿಕೊಂಡವರಲ್ಲಿ ಕೂಡ ಹೆಚ್ಚಾಗಿ ಕಾಣುತ್ತದೆ. ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಯೌವನದ ಯಾವುದೋ ತಪ್ಪಿನ ಫಲ ಎಂದು ಹೆದರಿಸಿ ಪುಡಿ ಮಾರುವವರ ಮಾತನ್ನು ಕಸದ ಬುಟ್ಟಿಗೆ ಹಾಕಬಹುದು. ಹಾಗೆಯೇ ಒಂದು ಎಚ್ಚರಿಕೆ: ಸಂಭೋಗದ ನಡುವೆ ಟಪ್ ಎಂಬ ಸದ್ದಾಗಿ, ನಿಮಿರು ತಟ್ಟನೆ ಇಳಿದು, ಊದಿಕೊಂಡು ನೀಲಿಗಟ್ಟಿದರೆ ಅದು ಈ ಕಾಯಿಲೆಯಲ್ಲ. ಪೊರೆ ಹರಿದಿದೆ ಎಂದು ಅರ್ಥ. ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಓಡಬೇಕು.

ಚಿಕಿತ್ಸೆಯ ಮಾತಿಗೆ ಬರೋಣ. ಇಲ್ಲಿ ಎಲ್ಲವೂ ನಿಂತಿರುವುದು ಕಲೆಯ ವಯಸ್ಸಿನ ಮೇಲೆ. ಕಲೆ ಎಳೆಯದಾಗಿರುವಾಗ ನೋವು ಇರುತ್ತದೆ, ಬಾಗು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಈ ಕಾಲ ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ನಡೆಯಬಹುದು. ಆಮೇಲೆ ಕಲೆ ಬಲಿಯುತ್ತದೆ, ನೋವು ಹೋಗುತ್ತದೆ, ಬಾಗು ಇದ್ದಲ್ಲಿಗೆ ನಿಲ್ಲುತ್ತದೆ. ತಾನಾಗಿಯೇ ನೆಟ್ಟಗಾಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚಿಕಿತ್ಸೆಯಿಲ್ಲದ 246 ಗಂಡಸರನ್ನು ಗಮನಿಸುತ್ತಾ ಹೋದರು. ಶೇಕಡ 12ರಷ್ಟು ಜನರಲ್ಲಿ ಬಾಗು ಕಡಿಮೆಯಾಯಿತು, 40ರಷ್ಟು ಜನರಲ್ಲಿ ಹಾಗೆಯೇ ಉಳಿಯಿತು, 48ರಷ್ಟು ಜನರಲ್ಲಿ ಹೆಚ್ಚಾಯಿತು. ನೋವು ಮಾತ್ರ ಹತ್ತರಲ್ಲಿ ಒಂಬತ್ತು ಮಂದಿಗೆ ಹೋಯಿತು. ನೋವು ನಿಂತಿತಲ್ಲ, ಇನ್ನು ಡೊಂಕೂ ಹೋಗುತ್ತದೆ ಎಂದು ಕಾಯುವವರು ಈ ಲೆಕ್ಕವನ್ನು ಎರಡು ಸಲ ಓದಬೇಕು.

ಎಳೆಯ ಕಲೆಯ ಕಾಲದಲ್ಲಿ ವೈದ್ಯರ ಕೈಯಲ್ಲಿರುವುದು ಕಡಿಮೆ. ನೋವಿಗೆ ಸಾಮಾನ್ಯ ನೋವುನಿವಾರಕ ಮಾತ್ರೆ. ಬಾಗಿಗೆ ಮಾತ್ರೆ ಇದೆಯೇ ಎಂದರೆ, ನುಂಗಿದವರು ಬಹಳ, ಗೆದ್ದದ್ದು ಯಾವುದೂ ಇಲ್ಲ. ಇ ಜೀವಸತ್ವವನ್ನು 1940ರ ದಶಕದಿಂದ ಕೊಡುತ್ತಾ ಬಂದರು. ಅಗ್ಗ, ಅಪಾಯ ಕಡಿಮೆ, ಬರೆದುಕೊಟ್ಟ ವೈದ್ಯರಿಗೂ ಏನೋ ಮಾಡಿದ ಸಮಾಧಾನ. ಅಮೆರಿಕದ ಯುರಾಲಜಿ ಸಂಘ 2015ರ ತನ್ನ ಮಾರ್ಗಸೂಚಿಯಲ್ಲಿ ಇ ಜೀವಸತ್ವ, ಸ್ತನ ಕ್ಯಾನ್ಸರಿನ ಮದ್ದಾದ ಟ್ಯಾಮಾಕ್ಸಿಫೆನ್, ಒಮೆಗಾ-3 ಕೊಬ್ಬಿನಾಮ್ಲಗಳನ್ನು ಈ ಕಾಯಿಲೆಗೆ ಕೊಡಬೇಡಿ ಎಂದೇ ಹೇಳಿತು. ಯಂತ್ರದಿಂದ ಶಬ್ದದ ಅಲೆಗಳನ್ನು ಹೊರಗಿನಿಂದ ಕಲೆಗೆ ಹಾಯಿಸುವ ಆಘಾತ ತರಂಗ ಚಿಕಿತ್ಸೆಯದೂ ಅದೇ ಕಥೆ. ನೋವು ಇಳಿಸಬಹುದು, ಬಾಗು ಇಳಿಸುವುದಿಲ್ಲ. ಹೇಗೂ ಇಳಿಯಲಿದ್ದ ನೋವಿಗೆ ದುಬಾರಿ ಯಂತ್ರ ಬೇಕೇ ಎಂಬುದು ನನ್ನ ತಕರಾರು.

ಎಳೆತ ಸಾಧನಗಳ ಬಗ್ಗೆ ನಾನು ಅಷ್ಟು ಒರಟಾಗಿ ಮಾತಾಡಲಾರೆ. ಶಿಶ್ನವನ್ನು ಮೆಲ್ಲಗೆ ಹಿಡಿದೆಳೆಯುವ ಚೌಕಟ್ಟಿನಂಥ ಉಪಕರಣಗಳಿವು. ನಾರಿನ ಅಂಗಾಂಶವನ್ನು ಹದವಾಗಿ, ಬಹುಕಾಲ ಎಳೆದರೆ ಅದು ತನ್ನ ಜೋಡಣೆಯನ್ನೇ ಬದಲಿಸಿಕೊಳ್ಳುತ್ತದೆ. ಹಲ್ಲಿನ ವೈದ್ಯರು ತಂತಿ ಹಾಕಿ ಹಲ್ಲು ಸರಿಸುವಾಗ ನೆಚ್ಚುವುದೂ ಇಂಥ ತಾಳ್ಮೆಯ ಒತ್ತಡವನ್ನೇ. ಹಳೆಯ ಸಾಧನಗಳನ್ನು ದಿನಕ್ಕೆ ಹಲವು ಗಂಟೆ ತೊಡಬೇಕಿತ್ತು, ಹೀಗಾಗಿ ಅರ್ಧಕ್ಕೆ ಬಿಡುವವರೇ ಹೆಚ್ಚು. ಹೊಸ ಮಾದರಿಗಳಲ್ಲಿ ದಿನಕ್ಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಸಾಕೆನ್ನುತ್ತಾರೆ. ಬಾಗು ಒಂದಿಷ್ಟು ತಗ್ಗುತ್ತದೆ, ಕಾಯಿಲೆಯಿಂದ ಕುಗ್ಗಿದ ಉದ್ದ ಒಂದಿಷ್ಟು ಮರಳುತ್ತದೆ. ಪವಾಡ ಬೇಕಾದವರಿಗೆ ಇದು ಹೇಳಿದ್ದಲ್ಲ.

ಚುಚ್ಚುಮದ್ದಿನ ಕಥೆ ಸ್ವಾರಸ್ಯಕರ. ಕ್ಲಾಸ್ಟ್ರಿಡಿಯಂ ಹಿಸ್ಟೊಲಿಟಿಕಂ ಎಂಬ ಬ್ಯಾಕ್ಟೀರಿಯಾ ಇದೆ. ಹೆಸರಿನ ಎರಡನೆಯ ಭಾಗಕ್ಕೆ ಅಂಗಾಂಶ ಕರಗಿಸುವುದು ಎಂದೇ ಅರ್ಥ. ಗಾಯಕ್ಕೆ ಹೊಕ್ಕರೆ ಮಾಂಸವನ್ನು ಕೊಳೆಸುವ ಈ ಜೀವಿಯ ಆಯುಧ ಕೊಲ್ಯಾಜಿನೇಸ್ ಎಂಬ ಕಿಣ್ವ. ಅದನ್ನು ಬೇರ್ಪಡಿಸಿ, ಶುದ್ಧ ಮಾಡಿ, ಅಳೆದು ಕಲೆಯೊಳಗೇ ಚುಚ್ಚಿದರೆ ಕೊಲ್ಯಾಜೆನ್ ಎಳೆಗಳು ತುಂಡಾಗುತ್ತವೆ. ರಕ್ತನಾಳ ಮತ್ತು ನರಗಳ ಸುತ್ತಲಿನ ಪದರದಲ್ಲಿರುವ ಕೊಲ್ಯಾಜೆನ್ ಬೇರೆ ಜಾತಿಯದು, ಅದರ ಮೇಲೆ ಈ ಕಿಣ್ವದ ಆಟ ನಡೆಯುವುದಿಲ್ಲ. ಮೊದಲು ಅಂಗೈಯ ಡ್ಯುಪ್ವಿಟ್ರೆನ್ ತೊಂದರೆಗೆ 2010ರಲ್ಲಿ, ಆಮೇಲೆ 2013ರ ಡಿಸೆಂಬರಿನಲ್ಲಿ ಪೆಯ್ರೋನಿ ಕಾಯಿಲೆಗೆ ಅಮೆರಿಕದಲ್ಲಿ ಇದಕ್ಕೆ ಮಂಜೂರಾತಿ ಸಿಕ್ಕಿತು.

ಕೊಡುವ ಕ್ರಮ ಹೀಗೆ. ಮೊದಲು ಅಂಗ ನಿಮಿರುವಂತೆ ಔಷಧ ಕೊಟ್ಟು ಬಾಗಿನ ತುತ್ತತುದಿ ಎಲ್ಲಿದೆ ಎಂದು ಚರ್ಮದ ಮೇಲೆ ಗುರುತು ಹಾಕುತ್ತಾರೆ. ನಿಮಿರು ಇಳಿದ ಮೇಲೆ ಎರಡು ಬೆರಳುಗಳ ನಡುವೆ ಗಡಸು ಕಲೆಯನ್ನು ಹಿಡಿದು, ಸಣ್ಣ ಸೂಜಿಯನ್ನು ಅದರೊಳಕ್ಕೆ ಅಡ್ಡಲಾಗಿ ತೂರಿಸಿ, ಹಿಂದಕ್ಕೆ ಎಳೆಯುತ್ತಾ ಮದ್ದು ಬಿಡುತ್ತಾರೆ. ಒಂದರಿಂದ ಮೂರು ದಿನಗಳ ಅಂತರದಲ್ಲಿ ಇನ್ನೊಂದು ಸೂಜಿ. ಬಳಿಕ ವೈದ್ಯರೇ ಕೈಯಿಂದ ಬಾಗಿನ ವಿರುದ್ಧ ದಿಕ್ಕಿಗೆ ಹದವಾಗಿ ಒತ್ತುತ್ತಾರೆ. ಮನೆಯಲ್ಲಿ ಆರು ವಾರ ರೋಗಿಯೂ ದಿನವೂ ಎಳೆದು ನೇರ ಮಾಡುವ ಅಭ್ಯಾಸ ನಡೆಸಬೇಕು. ಇದು ಒಂದು ಸುತ್ತು. ಇಂಥ ನಾಲ್ಕು ಸುತ್ತುಗಳವರೆಗೆ ಹೋಗಬಹುದು. ಪ್ರತಿ ಸುತ್ತಿನಲ್ಲೂ ಕೆಲವು ವಾರ ಸಂಭೋಗ ನಿಷಿದ್ಧ.

ಫಲವೆಷ್ಟು? ಈ ಮದ್ದಿನ ಎರಡು ದೊಡ್ಡ ಪರೀಕ್ಷೆಗಳಲ್ಲಿ ಒಟ್ಟು 832 ಗಂಡಸರಿದ್ದರು. ಕಿಣ್ವ ಪಡೆದವರಲ್ಲಿ ಬಾಗು ಸರಾಸರಿ ಶೇಕಡ 34ರಷ್ಟು ತಗ್ಗಿತು, ಹುಸಿಮದ್ದು ಪಡೆದವರಲ್ಲಿ ಶೇಕಡ 18ರಷ್ಟು. ಡಿಗ್ರಿ ಲೆಕ್ಕದಲ್ಲಿ 17 ಮತ್ತು 9. ಕೋನಮಾಪಕ ಇಟ್ಟುಕೊಂಡು ನೋಡಿದರೆ, 50 ಡಿಗ್ರಿಯ ಬಾಗು 33ಕ್ಕೆ ಇಳಿದಂತಾಯಿತು. ನೆಟ್ಟಗಾಗಲಿಲ್ಲ, ಆದರೆ ಅಸಾಧ್ಯವಾಗಿದ್ದ ಸಂಭೋಗ ಸಾಧ್ಯವಾಗಲು ಅಷ್ಟು ಸಾಕಾಗುವವರಿದ್ದಾರೆ. ಹುಸಿಮದ್ದಿನ ಅಂಕಿಯನ್ನೂ ಕಡೆಗಣಿಸಬಾರದು. ಮದ್ದೇ ಇಲ್ಲದ ಸೂಜಿಗೂ 9 ಡಿಗ್ರಿ ಇಳಿಕೆ ಸಿಕ್ಕಿದೆ. ಹುಸಿಮದ್ದಿನೊಂದಿಗೆ ಹೋಲಿಸದೆ ನಮ್ಮಲ್ಲಿ ಗುಣವಾಯಿತು ಎಂದು ಸಾರುವ ಯಾವ ಜಾಹೀರಾತನ್ನಾದರೂ ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬಹುದು.

ಕಿಣ್ವದ ಚುಚ್ಚುಮದ್ದು 30 ಡಿಗ್ರಿಗಿಂತ ಕಡಿಮೆ ಬಾಗಿಗೆ ಅಲ್ಲ. ಸುಣ್ಣಗಟ್ಟಿ ಕಲ್ಲಾದ ಕಲೆಯ ಮೇಲೆ ಅದರ ಪ್ರಭಾವ ಕಡಿಮೆ. ಮೂತ್ರನಾಳವನ್ನು ತಬ್ಬಿದ ಕಲೆಗೆ ಕೊಡುವಂತೆಯೇ ಇಲ್ಲ. ಚುಚ್ಚಿದ ಜಾಗ ಊದಿ ಕಪ್ಪುಗಟ್ಟುವುದು ಬಹುತೇಕ ಎಲ್ಲರಿಗೂ ಆಗುತ್ತದೆ, ನೋಡಿ ಗಾಬರಿಯಾಗುವಷ್ಟು. ನಿಜವಾದ ಅಪಾಯ ಪೊರೆಯೇ ಹರಿಯುವುದು. ಎಲ್ಲ ಪರೀಕ್ಷೆಗಳನ್ನೂ ಸೇರಿಸಿದರೆ ಮದ್ದು ಪಡೆದ 1044 ಜನರಲ್ಲಿ ಐವರಿಗೆ ಹಾಗಾಯಿತು. ಈ ಕಿಣ್ವ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಸಿಗದಲ್ಲಿ ರಕ್ತದೊತ್ತಡದ ಮದ್ದಾದ ವೆರಪಮಿಲ್, ಇಲ್ಲವೇ ದೇಹದ ರೋಗನಿರೋಧಕ ವ್ಯವಸ್ಥೆಯ ಪ್ರೋಟೀನಾದ ಇಂಟರ್ಫೆರಾನ್ ಅನ್ನು ಕಲೆಗೆ ಚುಚ್ಚುವುದುಂಟು. ಇಂಟರ್ಫೆರಾನ್ ಚುಚ್ಚಿದ ರಾತ್ರಿ ಜ್ವರ, ಮೈಕೈ ನೋವು ಬರಬಹುದು. ವೆರಪಮಿಲ್ ಪರವಾಗಿರುವ ಸಾಕ್ಷ್ಯ ತೆಳು.

ಶಸ್ತ್ರಚಿಕಿತ್ಸೆ ಬಲಿತ ಕಲೆಗೆ ಮಾತ್ರ. ಬಾಗು ಕನಿಷ್ಠ ಮೂರರಿಂದ ಆರು ತಿಂಗಳು ಕದಲದೆ ನಿಂತಿರಬೇಕು. ಇನ್ನೂ ಬದಲಾಗುತ್ತಿರುವ ಕಲೆಯ ಮೇಲೆ ಕತ್ತರಿ ಆಡಿಸಿದರೆ, ಇಂದು ನೆಟ್ಟಗೆ ಹೊಲಿದದ್ದು ನಾಳೆ ಇನ್ನೊಂದು ಕಡೆ ಬಾಗುತ್ತದೆ. ಒಂದು ಬದಿ ಗಿಡ್ಡವಾದ ತೋಳನ್ನು ಸರಿಪಡಿಸಲು ದರ್ಜಿಗೆ ಎರಡೇ ದಾರಿ. ಉದ್ದವಿರುವ ಕಡೆ ನೆರಿಗೆ ಹಿಡಿದು ಹೊಲಿಯಬೇಕು, ಇಲ್ಲವೇ ಗಿಡ್ಡವಿರುವ ಕಡೆ ಬಿಚ್ಚಿ ತೇಪೆ ಕೊಡಬೇಕು. ಶಸ್ತ್ರವೈದ್ಯರು ಮಾಡುವುದೂ ಇದನ್ನೇ. ನೆರಿಗೆಯ ದಾರಿ ಸುಲಭ. ಕಲೆಯನ್ನು ಮುಟ್ಟದೆ ಅದರ ಎದುರು ಬದಿಯ ಪೊರೆಗೆ ಹೊಲಿಗೆ ಹಾಕಿ ಬಿಗಿಯುತ್ತಾರೆ. ರೀಡ್ ನೆಸ್ಬಿಟ್ ಎಂಬ ವೈದ್ಯರು 1965ರಲ್ಲಿ ಹುಟ್ಟಿನಿಂದ ಬಂದ ತೀವ್ರ ಬಾಗಿಗೆಂದು ವಿವರಿಸಿದ, ಪೊರೆಯ ಸಣ್ಣ ತುಂಡು ಕತ್ತರಿಸಿ ಹೊಲಿಯುವ ವಿಧಾನ ಇದರ ಹಿರಿಯಣ್ಣ. ನೆಟ್ಟಗಾಗುವುದು ಬಹುತೇಕ ಖಚಿತ, ನಿಮಿರುವ ಶಕ್ತಿಗೆ ಧಕ್ಕೆ ಕಡಿಮೆ, ಆದರೆ ಉದ್ದ ಕಡಿಮೆಯಾಗುತ್ತದೆ. ಬಾಗು 60 ಡಿಗ್ರಿ ಮೀರಿದರೆ, ಅಥವಾ ನಡುವೆ ಮರಳುಗಡಿಯಾರದ ಸೊಂಟದಂತೆ ಸಣಕಲಾಗಿದ್ದರೆ ನೆರಿಗೆ ಸಾಲದು. ಆಗ ಕಲೆಯನ್ನು ಸೀಳಿ, ಆ ಸೀಳು ಬಾಯಿಗೆ ರೋಗಿಯದೇ ಕಾಲಿನ ರಕ್ತನಾಳದ ತುಂಡನ್ನೋ, ಹಸುವಿನ ಹೃದಯದ ಹೊರಪೊರೆಯಿಂದ ತಯಾರಿಸಿದ ಹಾಳೆಯನ್ನೋ ತೇಪೆಯಾಗಿ ಹೊಲಿಯುತ್ತಾರೆ. ಉದ್ದ ಹೆಚ್ಚು ಉಳಿಯುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ನಿಮಿರುವಿಕೆ ದುರ್ಬಲವಾಗುವ, ತುದಿಯಲ್ಲಿ ಜೋಮು ಹಿಡಿಯುವ ಅಪಾಯ.

ಬಾಗಿನ ಜೊತೆ ನಿಮಿರುವಿಕೆಯೇ ಕೈಕೊಟ್ಟು, ಸಿಲ್ಡೆನಾಫಿಲ್ ಮುಂತಾದ ಮಾತ್ರೆಗಳಿಗೂ ಬಗ್ಗದಿದ್ದವರಿಗೆ ಒಳಗೆ ಕೃತಕ ಕೊಳವೆಗಳನ್ನು ಕೂರಿಸುವುದೇ ನೇರ ದಾರಿ. ಕೊಳವೆಗಳಿಗೆ ದ್ರವ ತುಂಬಿದಾಗ ಹೆಚ್ಚಿನ ಬಾಗು ತಾನಾಗಿ ಹೋಗುತ್ತದೆ. ಉಳಿದದ್ದನ್ನು ಶಸ್ತ್ರವೈದ್ಯರು ಅಲ್ಲೇ, ಮೇಜಿನ ಮೇಲೆಯೇ, ಎರಡೂ ಕೈಗಳಲ್ಲಿ ಹಿಡಿದು ಎದುರು ದಿಕ್ಕಿಗೆ ಒತ್ತಿ ಸರಿಪಡಿಸುತ್ತಾರೆ.

ಇಷ್ಟೆಲ್ಲ ದಾರಿಗಳಿದ್ದರೂ ಏನನ್ನೂ ಆರಿಸದೆ ಮನೆಗೆ ಮರಳುವವರು ಕಡಿಮೆಯೇನಲ್ಲ, ಅದರಲ್ಲಿ ತಪ್ಪೂ ಇಲ್ಲ. ಬಾಗು ಸಣ್ಣದಿದ್ದು, ನೋವಿಲ್ಲದೆ ಸಂಭೋಗ ನಡೆಯುತ್ತಿದ್ದರೆ ವೈದ್ಯರು ಕ್ಯಾನ್ಸರ್ ಅಲ್ಲವೆಂದು ಧೈರ್ಯ ಹೇಳಿ ಕಳಿಸುತ್ತಾರೆ. ಬಂದವರಲ್ಲಿ ಎಷ್ಟೋ ಮಂದಿಗೆ ಬೇಕಿದ್ದದ್ದು ಅದೊಂದೇ ಮಾತು. ಕೆಲವರಿಗೆ ಮಾತ್ರ ಡೊಂಕಿಗಿಂತ ಅದರ ಚಿಂತೆ ದೊಡ್ಡದಾಗಿ, ಖಿನ್ನತೆ ಹಿಡಿದು, ಹೆಂಡತಿಯ ಪಕ್ಕ ಮಲಗುವುದನ್ನೇ ಬಿಟ್ಟಿರುತ್ತಾರೆ. ಇಬ್ಬರನ್ನೂ ಕೂರಿಸಿ ಮಾತಾಡಿಸಿದ ದಿನ, ಆಕೆ ಇದನ್ನು ತನ್ನ ಮೇಲಿನ ಬೇಸರವೆಂದು ತಿಳಿದಿದ್ದಳು ಎಂಬುದು ಹೊರಬರುವುದೂ ಉಂಟು.

ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡವರ ಜೊತೆ ಅನುಭವಿ ವೈದ್ಯರು ಒಂದು ಕೆಲಸ ತಪ್ಪದೆ ಮಾಡುತ್ತಾರೆ. ಅಂಗವನ್ನು ನೇರಕ್ಕೆ ಎಳೆದು, ಪಟ್ಟಿ ಇಟ್ಟು, ಉದ್ದವನ್ನು ರೋಗಿಯ ಕಣ್ಣೆದುರೇ ಅಳೆದು ಫೈಲಿನಲ್ಲಿ ಬರೆದಿಡುತ್ತಾರೆ. ಕಾಯಿಲೆಯೇ ಎಷ್ಟು ತಿಂದುಹಾಕಿದೆ ಎಂಬುದು ಆಗಲೇ ಇಬ್ಬರಿಗೂ ಗೊತ್ತಾಗಿರುತ್ತದೆ. ಬರೆದಿಡದಿದ್ದರೆ ವರ್ಷ ಕಳೆಯುವುದರೊಳಗೆ ಹಳೆಯ ಅಳತೆ ನೆನಪಿನಲ್ಲಿ ಒಂದೆರಡು ಇಂಚು ಬೆಳೆದಿರುತ್ತದೆ.