ಕ್ರಯಪತ್ರಕ್ಕೆ ಲ್ಯಾಮಿನೇಷನ್ ಬೇಡ

ದುರಸ್ತಿಗೆಂದು ನನ್ನ ಮೇಜಿಗೆ ಬರುವ ಹಳೆಯ ಕಾಗದಪತ್ರಗಳಲ್ಲಿ ಗೆದ್ದಲು ತಿಂದವುಗಳಿಗಿಂತ, ಉಳಿಸಿಕೊಳ್ಳಬೇಕೆಂಬ ಕಾಳಜಿಯಿಂದಲೇ ಕೆಟ್ಟವು ಹೆಚ್ಚು. ಈಚೆಗೆ ಬಂದ ಕ್ರಯಪತ್ರವೊಂದನ್ನು ನಾಲ್ಕಾಗಿ ಮಡಚಿ ದಶಕಗಳ ಕಾಲ ಟ್ರಂಕಿನಲ್ಲಿಟ್ಟಿದ್ದರು. ಮಡಿಕೆ ಬಿರಿದಾಗ ಯಾರೋ ಅದಕ್ಕೆ ಸೆಲೋಟೇಪ್ ಹಚ್ಚಿದ್ದರು. ಪ್ಲಾಸ್ಟಿಕ್ ಪಟ್ಟಿ ಒಣಗಿ ತಾನಾಗಿಯೇ ಕಳಚಿತ್ತು. ಅಂಟು ಮಾತ್ರ ಕಾಗದದೊಳಕ್ಕಿಳಿದು, ಜೋನಿಬೆಲ್ಲದ ಬಣ್ಣದ ಪಟ್ಟೆಯಾಗಿ, ಚೆಕ್ಕುಬಂದಿ ಬರೆದ ಸಾಲುಗಳನ್ನೇ ಮಸುಕುಗೊಳಿಸಿತ್ತು.

ಕಾಗದದ ಮೊದಲ ಶತ್ರು ಅದರೊಳಗೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಂದಿಬಟ್ಟೆಯ ತಿರುಳಿನ ಬದಲು ಮರದ ತಿರುಳು ಬಳಕೆಗೆ ಬಂತು. ಶಾಯಿ ಹರಡದಿರಲೆಂದು ರಾಳದ ಜೊತೆ ಪಟಿಕ ಸೇರಿಸುವುದೂ ರೂಢಿಯಾಯಿತು. ಪಟಿಕದಿಂದ ಹುಟ್ಟುವ ಆಮ್ಲವು ನಾರನ್ನು ನಿಧಾನವಾಗಿ ತುಂಡರಿಸುವುದರಿಂದ, ಅದಕ್ಕೂ ಹಿಂದಿನ ಕೈಕಾಗದ ಇಂದಿಗೂ ಬಾಗಿದರೆ, ನಮ್ಮ ಅಜ್ಜಂದಿರ ಕಾಲದ ಲೆಕ್ಕದ ಪುಸ್ತಕ ಹಪ್ಪಳದಂತೆ ಮುರಿಯುತ್ತದೆ. ಸೆಕೆ ಮತ್ತು ತೇವ ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಪತ್ರಾಗಾರಗಳು ಉಷ್ಣತೆಯನ್ನು 22ರಿಂದ 25 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶವನ್ನು ಶೇ 45ರಿಂದ 55ರೊಳಗೆ ಇರಿಸಲು ಯತ್ನಿಸುವುದು ಇದಕ್ಕಾಗಿಯೇ. ಮನೆಯಲ್ಲಿ ಅದು ಅಸಾಧ್ಯ. ಆದರೆ ಮಳೆನೀರು ಇಳಿಯುವ ಹೊರಗೋಡೆಗೆ ಬೀರುವನ್ನು ಒತ್ತರಿಸದಿರುವುದು, ಮಳೆಗಾಲ ಮುಗಿದೊಡನೆ ಕಟ್ಟುಗಳನ್ನು ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹರಡುವುದು ಸಾಧ್ಯ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್‌ಗಳನ್ನೂ ಆಗಲೇ ತೆಗೆದುಬಿಡಬೇಕು.

ಇನ್ನು ಲ್ಯಾಮಿನೇಷನ್. ಅಂಗಡಿಯ ಯಂತ್ರ ಬಿಸಿಯಿಂದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಕರಗಿಸಿ ಅಂಟಿಸುತ್ತದೆ. ಒಳಗಿನ ಆಮ್ಲ ಒಳಗೇ ಉಳಿಯುತ್ತದೆ, ಪತ್ರಕ್ಕೆ ಹಾನಿಯಾಗದಂತೆ ಅದನ್ನು ಬಿಡಿಸುವುದು ನಮ್ಮಂಥವರಿಗೂ ಬಹುತೇಕ ಆಗದ ಮಾತು. ಮುಂದೆ ಬಿಚ್ಚಲಾಗದ ದುರಸ್ತಿಯನ್ನು ಮಾಡಬಾರದೆಂಬುದು ನಮ್ಮ ವೃತ್ತಿಯ ನಿಯಮ. ಆದ್ದರಿಂದಲೇ ಹರಿದೆಡೆಗೆ ಕೊಜೊ ಗಿಡದ ತೊಗಟೆಯ ನಾರಿನಿಂದ ಮಾಡಿದ ತೆಳುವಾದ ಜಪಾನೀ ಕಾಗದವನ್ನು ಗೋಧಿಪಿಷ್ಟದ ಅಂಟಿನಿಂದ ಹಚ್ಚುತ್ತೇವೆ. ತುಸು ನೀರು ಸೋಕಿಸಿದರೆ ಅದು ಬಿಡುತ್ತದೆ. (ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ರೂಢಿಯನ್ನು ನಾನು ಒಪ್ಪುವುದಿಲ್ಲ, ಅದರಲ್ಲಿರುವ ತಾಮ್ರ ಕಾಗದದ ನಾಶವನ್ನು ತ್ವರಿತಗೊಳಿಸುತ್ತದೆ.) ಪದೇ ಪದೇ ತೋರಿಸಬೇಕಾದ ಪತ್ರವನ್ನು ಅಂಟು ಸೋಕಿಸದೆ ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಸುಮ್ಮನೆ ಇರಿಸಬಹುದು.

ಆ ಕ್ರಯಪತ್ರದ ಶಾಯಿ ಕದಡುವುದಿಲ್ಲವೆಂದು ಮೂಲೆಯಲ್ಲಿ ಪರೀಕ್ಷಿಸಿದ ಬಳಿಕ, ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಎರಡು ದಿನ ಅಂಟನ್ನು ತೆಗೆದೆ. ಉತ್ತರದ ಚೆಕ್ಕುಬಂದಿಯ ಒಂದು ಹೆಸರು ಮಾತ್ರ ಓದಲು ಬರಲಿಲ್ಲ. ಅದಕ್ಕಾಗಿ ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲನ್ನೇ ತರಿಸಬೇಕಾಯಿತು.