ನ್ಯೂಟ್ರಲ್ ಹಾಕಿದರಷ್ಟೇ ಸಾಲದು

ಬ್ಯಾಡಗಿಗೆ ಮೆಣಸಿನಕಾಯಿ ಹೇರಿಕೊಂಡು ಹೊರಟ ಪಿಕಪ್ ಇರಲಿ, ನವಲೂರು ಹತ್ತಿರ ಕೆಟ್ಟು ನಿಂತ ಕಾರಿರಲಿ, ಕೆಟ್ಟ ಗಾಡಿಗೆ ಹಗ್ಗ ಕಟ್ಟಿ ಎಳೆಯುವಾಗ ಮೊದಲು ಕೇಳುವ ಮಾತು ಒಂದೇ: "ನ್ಯೂಟ್ರಲ್ ಹಾಕೇನ್ರಿ, ಜಗ್ರಿ." ಮುಂದಿನ ಚಕ್ರಕ್ಕೆ ಎಂಜಿನ್ ಬಲ ಬರುವ ಮ್ಯಾನುವಲ್ ಕಾರನ್ನು ಸ್ವಲ್ಪ ದೂರ ಹಾಗೆ ಜಗ್ಗಬಹುದು. ಚಕ್ರ ಉರುಳಿದಂತೆ, ಎರಡೂ ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್‌ನ ದೊಡ್ಡ ಗೇರ್ ತಿರುಗಿ ಎಣ್ಣೆ ಚಿಮ್ಮಿಸುತ್ತಿರುತ್ತದೆ. ಪಿಕಪ್‌ನ ಲೆಕ್ಕವೇ ಬೇರೆ.

ಹಿಂದಿನ ಚಕ್ರಕ್ಕೆ ಬಲ ಹೋಗುವ ಗಾಡಿಯಲ್ಲಿ ಎಣ್ಣೆಯೊಳಗೆ ಮುಳುಗಿರುವುದು ಗೇರ್‌ಬಾಕ್ಸ್‌ನ ಕೆಳಗಿನ ಲೇಶಾಫ್ಟ್, ಅಂದರೆ ಗೇರ್ ಹಲ್ಲುಗಳಿರುವ ಕೆಳದಂಡ. ಅದನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಾಗ ಜಗ್ಗಿದರೆ ಮೇಲಿನ ಮೇನ್ ಶಾಫ್ಟ್ ಮಾತ್ರ ಚಕ್ರದ ಜೊತೆ ತಿರುಗುತ್ತದೆ, ಲೇಶಾಫ್ಟ್ ಅಲ್ಲಾಡುವುದಿಲ್ಲ, ಎಣ್ಣೆ ಮೇಲೆ ಏರುವುದಿಲ್ಲ. ಗೇರ್‌ಗಳ ಒಳಗಿನ ಬುಷ್, ಬೇರಿಂಗ್ ಒಣಗಿ ಕಾಯುತ್ತವೆ. ಬಾಕ್ಸ್ ಬಿಚ್ಚಿದರೆ ಶಾಫ್ಟ್ ಸುಟ್ಟು ನೀಲಿಗಟ್ಟಿರುತ್ತದೆ. ಕ್ರೇನ್‌ನವರು ಪಿಕಪ್‌ನ ಮೂತಿ ಎತ್ತಿ ಹಾವೇರಿಯಿಂದ ಹುಬ್ಬಳ್ಳಿವರೆಗೆ ಉರುಳಿಸಿಕೊಂಡು ಬಂದಾಗ ಆಗುವುದೂ ಇದೇ, ಏಕೆಂದರೆ ನೆಲದ ಮೇಲೆ ಉಳಿದಿರುವುದು ಹಿಂದಿನ ಚಕ್ರಗಳೇ.

ಊರೊಳಗಿನ ಗ್ಯಾರೇಜಿಗೆ ಒಂದೆರಡು ಕಿಲೋಮೀಟರ್ ಮೆಲ್ಲಗೆ ಒಯ್ಯುವುದಾದರೆ ಚಿಂತೆಯಿಲ್ಲ. ಅದಕ್ಕಿಂತ ದೂರವಿದ್ದರೆ, ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ. ಮೊದಲು ಚಕ್ರಕ್ಕೆ ಕಲ್ಲು ಕೊಡಿ, ಶಾಫ್ಟ್ ಕಳಚಿದ ಮೇಲೆ ಗಾಡಿಯನ್ನು ಗೇರ್ ಹಿಡಿದು ನಿಲ್ಲಿಸುವುದಿಲ್ಲ. ಡಿಫರೆನ್ಷಿಯಲ್ ಕಡೆಯ ಎರಡೂ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆಗಳು) ಸೇರುವಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಆಮೇಲೆ ಬೋಲ್ಟ್ ತೆಗೆಯಿರಿ. ವಾಪಸ್ ಕೂಡಿಸುವಾಗ ಗೆರೆಗೆ ಗೆರೆ ಹೊಂದಿಸಿದರೆ ಗಾಡಿ ಮೊದಲಿನಂತೆ ಓಡುತ್ತದೆ, ಇಲ್ಲದಿದ್ದರೆ ನಡುಗಬಹುದು. ಬಿಚ್ಚಿದ ತುದಿಯನ್ನು ತಂತಿಯಿಂದ ಚಾಸಿಗೆ ಬಿಗಿಯಾಗಿ ಕಟ್ಟಿ. ಮುಂದಿನ ತುದಿ ಗೇರ್‌ಬಾಕ್ಸ್ ಒಳಗೆ ಜಾರಿ ಕೂಡುವ ಮಾದರಿಯಾದರೆ ಅದನ್ನು ಹೊರಗೆ ಎಳೆಯಬೇಡಿ, ಎಣ್ಣೆ ಸುರಿದು ಹೋಗುತ್ತದೆ.

ಆಟೋಮ್ಯಾಟಿಕ್ ಮತ್ತು ಸಿವಿಟಿ (ಹಲ್ಲಿನ ಗೇರ್ ಬದಲು ಬೆಲ್ಟ್‌ನಿಂದ ನಡೆಯುವ ಆಟೋಮ್ಯಾಟಿಕ್) ಕಾರುಗಳನ್ನು ಹಗ್ಗ ಹಾಕಿ ಜಗ್ಗಲೇಬೇಡಿ. ಎಣ್ಣೆ ಪಂಪ್ ನಡೆಯುವುದು ಎಂಜಿನ್‌ನಿಂದ. ಎಂಜಿನ್ ಇಲ್ಲವೆಂದರೆ ಒತ್ತಡವಿಲ್ಲ, ಒಳಗಿನ ಭಾಗಗಳು ಒಣಗಿಯೇ ಉಜ್ಜುತ್ತವೆ. ಇಂಥ ಕಾರಿಗೂ ಎಲೆಕ್ಟ್ರಿಕ್ ಕಾರಿಗೂ ನಾಲ್ಕೂ ಚಕ್ರ ಮೇಲೇರುವ ಫ್ಲ್ಯಾಟ್‌ಬೆಡ್ ಕರೆಸಿ. ಕ್ಲಚ್, ಗೇರ್ ತಾನೇ ಬದಲಿಸುವ ಎಎಂಟಿ ಒಳಗೆ ಮ್ಯಾನುವಲ್ ಬಾಕ್ಸೇ ಇದ್ದರೂ ಬ್ಯಾಟರಿ ಸತ್ತರೆ ಗೇರ್ ಬಿದ್ದಲ್ಲೇ ಉಳಿದಿರಬಹುದು. ಹ್ಯಾಂಡ್‌ಬ್ರೇಕ್ ಬಿಟ್ಟು ಕೈಯಿಂದ ನೂಕಿ ನೋಡಿ, ಉರುಳದಿದ್ದರೆ ಹಗ್ಗದ ಮಾತೇ ಬೇಡ.

ಹಗ್ಗವನ್ನು ಬಂಪರ್‌ಗಾಗಲಿ ಸ್ಟೀರಿಂಗ್ ರಾಡ್‌ಗಾಗಲಿ ಕಟ್ಟಬಾರದು. ಟೂಲ್ ಕಿಟ್‌ನಲ್ಲಿರುವ ಕೊಕ್ಕೆಯನ್ನು ಬಂಪರ್ ಮುಚ್ಚಳ ತೆಗೆದು ತಿರುವಿ ಕೂಡಿಸಿ, ಪಾನದಿಂದ ಪೂರ್ತಿ ಬಿಗಿಸಿ. ಎಷ್ಟೋ ಕಾರುಗಳಲ್ಲಿ ಅದರದು ಎಡ ಥ್ರೆಡ್, ಎಡಕ್ಕೆ ತಿರುವಿದರೆ ಬಿಗಿಯುತ್ತದೆ. ಎರಡು ಗಾಡಿಗಳ ನಡುವಿನ ಅಂತರ 5 ಮೀಟರ್ ಮೀರಬಾರದು, ವೇಗ ಗಂಟೆಗೆ 25 ಕಿಲೋಮೀಟರ್ ಒಳಗಿರಲಿ. ಕೀಲಿ ಆನ್ ಇಟ್ಟೇ ಇರಿ, ಆಗ ಸ್ಟೀರಿಂಗ್ ಲಾಕ್ ಆಗುವುದಿಲ್ಲ. ಎಂಜಿನ್ ನಿಂತ ಗಾಡಿಯಲ್ಲಿ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಹಿಂದಿನ ಗಾಡಿಯ ಸ್ಟೀರಿಂಗ್ ಹಿಡಿದವರು ಮುಂದಿನ ಗಾಡಿಯ ಬ್ರೇಕ್ ಲೈಟ್ ಕಂಡೊಡನೆ ಪೂರಾ ಕಾಲು ಊರಿ ತುಳಿಯಲು ಸಿದ್ಧರಿರಬೇಕು.